ಟರ್ಬೊ ಹಾಕಿದ ಎಸ್ಟೀಮ್‌ಗೆ ಯಾವ ಇಸಿಯು? ಬಳ್ಳಾರಿ ಬಿಸಿಲು, ಇ20 ಪೆಟ್ರೋಲ್

ಬಳ್ಳಾರಿ_ಎಸ್ಟೀಮ್

ಎಲ್ಲರಿಗೂ ನಮಸ್ಕಾರ. ಗಾಡಿಯ ವಿವರ ಮೊದಲು, ಪ್ರಶ್ನೆ ಆಮೇಲೆ.

ಮಾರುತಿ ಎಸ್ಟೀಮ್, 1.3 ಲೀಟರ್, 16 ವಾಲ್ವ್, ಎಂಪಿಎಫ್‌ಐ (ಪ್ರತಿ ಸಿಲಿಂಡರ್‌ಗೂ ಒಂದು ಇಂಜೆಕ್ಟರ್). ಕಂಪನಿ ಲೆಕ್ಕದಲ್ಲಿ 85 ಎಚ್‌ಪಿ. ಚಿಕ್ಕ ಟರ್ಬೊ ಕೂರಿಸಿ 0.4 ಬಾರ್ ಬೂಸ್ಟ್‌ಗೆ (ವಾತಾವರಣಕ್ಕಿಂತ ಹೆಚ್ಚಿನ ಗಾಳಿ ಒತ್ತಡ) ನಿಲ್ಲಿಸೋ ಯೋಚನೆ, ಇಂಟರ್‌ಕೂಲರ್ ಇರುತ್ತೆ. ಪಿಸ್ಟನ್, ಕನೆಕ್ಟಿಂಗ್ ರಾಡ್ ಕಂಪನಿಯವೇ. ಗುರಿ 120 ಎಚ್‌ಪಿ ಆಸುಪಾಸು. ಮೈದಾನದ ಆಟೋಕ್ರಾಸ್‌ಗೆ ಮಾತ್ರ, ಟ್ರೇಲರ್ ಮೇಲೆ ಹೋಗಿ ಬರೋ ಗಾಡಿ.

ಇಸಿಯು, ಅಂದ್ರೆ ಇಂಜಿನ್ನಿನ ಪೆಟ್ರೋಲ್, ಸ್ಪಾರ್ಕ್ ನಡೆಸೋ ಕಂಪ್ಯೂಟರ್, ಇದರದ್ದೇ ಗೊಂದಲ. ಪಿಗ್ಗಿಬ್ಯಾಕ್ ಸಾಕು ಅನ್ನೋರಿದ್ದಾರೆ. ಸ್ಪೀಡುಯಿನೊ ಹಾಕಿ ಅನ್ನೋರಿದ್ದಾರೆ. ಹಾಲ್‌ಟೆಕ್ ಅಥವಾ ಲಿಂಕ್ ಬಿಟ್ಟರೆ ಬೇರೆ ಮುಟ್ಟಬೇಡಿ ಅನ್ನೋರೂ ಇದ್ದಾರೆ. ದುಡ್ಡು ಸೀಮಿತ. ಡೈನೊಗೆ (ಗಾಡಿಯ ಶಕ್ತಿ ಅಳೆಯೋ ಯಂತ್ರ) ಬೆಂಗಳೂರಿಗೇ ಹೋಗಬೇಕು. ಯಾವುದನ್ನ, ಯಾಕೆ ಆರಿಸಬೇಕು?

ರಾಯಚೂರು_ಟ್ಯೂನರ್

ಬ್ರ್ಯಾಂಡ್ ಹೆಸರು ಪಕ್ಕಕ್ಕಿಡಿ. ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಕ್ರ್ಯಾಂಕ್ ಎಲ್ಲಿದೆ ಅನ್ನೋದನ್ನ ಇಸಿಯುಗೆ ಯಾವ ಸೆನ್ಸರ್ ಹೇಳುತ್ತೆ? ಕಾಯಿಲ್ ಯಾವ ತರಹದ್ದು, ಒಳಗೆ ಇಗ್ನೈಟರ್ (ಕಾಯಿಲ್ ಕರೆಂಟ್ ಹಾಕಿ ಕಡಿಯೋ ಸ್ವಿಚ್) ಇದೆಯೋ ಇಲ್ಲವೋ? ಇಂಜೆಕ್ಟರ್ ಎಷ್ಟು ಓಮ್? ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಟ್ಯೂನ್ ಮಾಡೋರು ಯಾರು, ಅವರಿಗೆ ಯಾವ ಸಾಫ್ಟ್‌ವೇರ್ ಕೈಗೆ ಹತ್ತಿದೆ?

ಈ ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆ ಉಳಿಯೋದು ಎರಡೋ ಮೂರೋ ಪೆಟ್ಟಿಗೆ. 120 ಎಚ್‌ಪಿಯ ನಾಲ್ಕು ಸಿಲಿಂಡರ್ ಇಂಜಿನ್ನನ್ನ ಇಲ್ಲಿ ಹೆಸರು ಬಂದ ಯಾವ ಸ್ಟ್ಯಾಂಡ್‌ಅಲೋನ್ (ಕಂಪನಿ ಇಸಿಯು ತೆಗೆದು ಅದರ ಜಾಗಕ್ಕೆ ಹಾಕೋದು) ಆದರೂ ಓಡಿಸುತ್ತೆ. ಇಂಜಿನ್ ಹೋಗೋದು ಇಸಿಯು ಅಗ್ಗದ್ದು ಅಂತಲ್ಲ. ಟ್ರಿಗರ್ (ಕ್ರ್ಯಾಂಕ್ ಸ್ಥಾನದ ಸಿಗ್ನಲ್) ಕೆಟ್ಟಿರುತ್ತೆ, ಗ್ರೌಂಡ್ ಸರಿ ಇರಲ್ಲ, ವೈಡ್‌ಬ್ಯಾಂಡ್ (ಗಾಳಿ-ಪೆಟ್ರೋಲ್ ಅನುಪಾತ ನಿಖರವಾಗಿ ಅಳೆಯೋ ಸೆನ್ಸರ್) ಇಲ್ಲದೇ ಅಂದಾಜಿನ ಮೇಲೆ ಮ್ಯಾಪ್, ಅಂದರೆ ಪೆಟ್ರೋಲ್-ಟೈಮಿಂಗ್ ಟೇಬಲ್, ಬರೆದಿರ್ತಾರೆ.

ಸಂಡೂರು_ಸ್ಪ್ಯಾನರ್

ಪಿಗ್ಗಿಬ್ಯಾಕ್ ವಿಷಯ ಮೊದಲು ಮುಗಿಸೋಣ. ಅದು ಕಂಪನಿ ಇಸಿಯು ಮತ್ತು ಸೆನ್ಸರ್‌ಗಳ ನಡುವೆ ಕೂತು ಸಿಗ್ನಲ್ ತಿದ್ದೋ ಪೆಟ್ಟಿಗೆ. ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನ ಪವರ್‌ಟ್ರಾನಿಕ್ ಈ ಜಾತಿಯದು. ಫಿಲ್ಟರ್, ಹೆಡರ್, ಕ್ಯಾಮ್ ಇಷ್ಟೇ ಬದಲಾಗಿದ್ದರೆ ಒಳ್ಳೇ ಆಯ್ಕೆ, ಯಾಕಂದ್ರೆ ಕೋಲ್ಡ್ ಸ್ಟಾರ್ಟ್, ಐಡಲ್, ಎಸಿ ಎಲ್ಲಾ ಕಂಪನಿಯವರು ಮಾಡಿದಂತೆಯೇ ಉಳಿಯುತ್ತೆ.

ಟರ್ಬೊಗೆ ಬಂದಾಗ ತೊಡಕು ಶುರು. ಕಂಪನಿಯ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಒತ್ತಡ ಅಳೆಯೋದು) ವಾತಾವರಣದ ಒತ್ತಡದವರೆಗೆ ಮಾತ್ರ ಓದೋಕೆ ಮಾಡಿದ್ದು. ಬೂಸ್ಟ್ ಬಂದಾಗ ಅದರ ವೋಲ್ಟೇಜ್ ಮೇಲ್ತುದಿಗೆ ಅಂಟಿಕೊಳ್ಳುತ್ತೆ, ಆಮೇಲೆ ಇಸಿಯುಗೆ ಎಷ್ಟು ಗಾಳಿ ಬಂತು ಅನ್ನೋದೇ ಗೊತ್ತಿರಲ್ಲ. ಪಿಗ್ಗಿಬ್ಯಾಕ್ ಆ ವೋಲ್ಟೇಜನ್ನ ಕತ್ತರಿಸಿ ಕೊಟ್ಟು ಇಂಜೆಕ್ಟರ್ ಸಮಯ ತಾನೇ ಉದ್ದ ಮಾಡಬೇಕು. ಇತ್ತ ಕ್ಲೋಸ್ಡ್ ಲೂಪ್‌ನಲ್ಲಿ ನ್ಯಾರೋಬ್ಯಾಂಡ್ (ಕಂಪನಿಯ ಸಾದಾ ಆಕ್ಸಿಜನ್) ಸೆನ್ಸರ್ ನೋಡಿ ಕಂಪನಿ ಇಸಿಯು ನೀವು ತಿದ್ದಿದ್ದನ್ನ ಮತ್ತೆ ವಾಪಸ್ ತಿದ್ದುತ್ತೆ. 0.4 ಬಾರ್‌ನಲ್ಲಿ ಹಾಗೂ ಹೀಗೂ ಓಡಿಸಬಹುದು. ಆದ್ರೆ ಎರಡು ಇಸಿಯು ಒಂದರ ಲೆಕ್ಕ ಇನ್ನೊಂದು ಅಳಿಸ್ತಾ ಕೂತಾಗ ನಾಕ್ (ಸಿಲಿಂಡರಿನಲ್ಲಿ ಮಿಶ್ರಣ ತಾನೇ ಸಿಡಿದು ಕುಟ್ಟೋದು) ಬಂದರೆ ಯಾವುದರಿಂದ ಬಂತು ಅಂತ ಹುಡುಕೋದು ಬಹಳ ಕಷ್ಟ. ಈ ಗಾಡಿಗೆ ಸ್ಟ್ಯಾಂಡ್‌ಅಲೋನೇ ಸರಿ.

ಸಿಂಧನೂರು_ಸ್ವಿಫ್ಟ್

ನಡುವೆ ಒಂದು ಪ್ರಶ್ನೆ. ಹೊಸ ಗಾಡಿಗೂ ಇದೇ ಮಾತಾ? ಬಿಎಸ್6 ಸ್ವಿಫ್ಟ್‌ಗೆ ಸ್ಟ್ಯಾಂಡ್‌ಅಲೋನ್ ಹಾಕಬಹುದಾ?

ರಾಯಚೂರು_ಟ್ಯೂನರ್

ಬೇಡ. ಅದರಲ್ಲಿ ಥ್ರಾಟಲ್‌ಗೆ ಕೇಬಲ್ ಇಲ್ಲ, ಮೋಟಾರ್ ತಿರುಗಿಸುತ್ತೆ. ಮೀಟರ್ ಬೋರ್ಡ್, ಎಬಿಎಸ್, ಇಮ್ಮೊಬಿಲೈಸರ್ ಎಲ್ಲವೂ ಕ್ಯಾನ್ ಅನ್ನೋ ಡೇಟಾ ಲೈನಿನಲ್ಲಿ ಇಂಜಿನ್ ಇಸಿಯು ಜೊತೆ ಮಾತಾಡ್ತಿರುತ್ತವೆ. ಆ ಇಸಿಯು ತೆಗೆದರೆ ಒಂದೊಂದಾಗಿ ದೂರು ಶುರು. ಅಂಥ ಗಾಡಿಗೆ ಕಂಪನಿ ಇಸಿಯು ಒಳಗಿನ ಮ್ಯಾಪನ್ನೇ ತಿದ್ದೋದು, ಅಂದರೆ ರೀಮ್ಯಾಪ್, ಒಂದೇ ನೆಟ್ಟಗಿನ ದಾರಿ. ವಾರಂಟಿ ಹೋಗುತ್ತೆ ಅನ್ನೋದು ತಿಳಿದಿರಲಿ. ಕೇಬಲ್ ಥ್ರಾಟಲ್ ಇರೋ ಹಳೇ ಎಸ್ಟೀಮ್, ಜೆನ್, ಜಿಪ್ಸಿ, ಬಲೆನೊ ಇವಕ್ಕೆ ಸ್ಟ್ಯಾಂಡ್‌ಅಲೋನ್ ಸಲೀಸು.

ಗಂಗಾವತಿ_ವೈರಿಂಗ್

ಈಗ ಪೆಟ್ಟಿಗಿ ಬಗ್ಗೆ ಮಾತಾಡೂಣ್ರಿ. ಕೈಗೆಟಕೂವು ಇಷ್ಟು.

ಸ್ಪೀಡುಯಿನೊ. ಆರ್ಡುಯಿನೊ ಮೆಗಾ 2560 ಬೋರ್ಡ್ ಮ್ಯಾಲೆ ಕಟ್ಟಿದ್ದು, ಸೋರ್ಸ್ ಕೋಡ್ ತೆರೆದಿಟ್ಟಾರ. ನಾಲ್ಕು ಇಂಜೆಕ್ಟರ್ ಚಾನೆಲ್, ನಾಲ್ಕು ಇಗ್ನಿಷನ್ ಚಾನೆಲ್, ಹಂಗಾಗಿ ಕ್ಯಾಮ್ ಸಿಗ್ನಲ್ ಕೊಟ್ರ ಪೂರ್ತಿ ಸೀಕ್ವೆನ್ಷಿಯಲ್ (ಒಂದೊಂದು ಸಿಲಿಂಡರ್‌ಗೆ ಅದರ ಸರದಿಗೆ) ಓಡ್ತೈತಿ. ಬೋರ್ಡ್ ಮ್ಯಾಲೇ 250 ಕೆಪಿಎ (ಕಿಲೊಪಾಸ್ಕಲ್, 100 ಅಂದ್ರ 1 ಬಾರ್) ಮ್ಯಾಪ್ ಸೆನ್ಸರ್ ಕೂಡಿಸಬಹುದು. ಕೊರತಿ ಏನಂದ್ರ, ಇಗ್ನಿಷನ್ ಔಟ್‌ಪುಟ್ ಬರೇ ಸಿಗ್ನಲ್. ಇಗ್ನೈಟರ್ ಇಲ್ಲದ ಕಾಯಿಲ್‌ಗೆ ನೇರ ಜೋಡ್ಸಾಕ ಬರಂಗಿಲ್ಲ. ವಿಆರ್ ಸೆನ್ಸರ್ (ಅಯಸ್ಕಾಂತಕ್ಕ ತಂತಿ ಸುತ್ತಿದ ಜಾತಿ) ಇದ್ರ ಕಂಡೀಷನರ್ ಬೋರ್ಡ್ ಬ್ಯಾರೆ ಹಚ್ಚಬೇಕು. ಡಬ್ಬಿ, ಕನೆಕ್ಟರ್ ಗುಣಮಟ್ಟ ಮಾಡಿ ಕೊಟ್ಟವರ ಕೈ ಮ್ಯಾಲೆ ಐತಿ.

ಮೈಕ್ರೊಸ್ಕ್ವರ್ಟ್. ಮೆಗಾಸ್ಕ್ವರ್ಟ್ ಮನಿತನದ ಸಣ್ಣದು. 35 ಪಿನ್ನಿನ ಸೀಲ್ ಇರೂ ಕನೆಕ್ಟರ್, ವಿಆರ್ ಸರ್ಕ್ಯೂಟ್ ಒಳಗ ಐತಿ. ಎರಡೇ ಇಂಜೆಕ್ಟರ್ ಚಾನೆಲ್, ಎರಡೇ ಸ್ಪಾರ್ಕ್ ಚಾನೆಲ್. ಅಂದ್ರ ನಾಲ್ಕು ಸಿಲಿಂಡರ್‌ಗೆ ಜೋಡಿ ಜೋಡಿಯಾಗಿ ಪೆಟ್ರೋಲು, ವೇಸ್ಟೆಡ್ ಸ್ಪಾರ್ಕ್ (ಎರಡು ಸಿಲಿಂಡರ್‌ಗೆ ಒಮ್ಮೆಲೇ ಕಿಡಿ). ಮ್ಯಾಪ್ ಸೆನ್ಸರ್ ಹೊರಗ ಹಾಕಬೇಕು. ಸ್ಟೆಪ್ಪರ್ ಮೋಟಾರಿನ ಐಡಲ್ ವಾಲ್ವ್ ಇದ್ರ ನೇರ ಓಡ್ಸಂಗಿಲ್ಲ.

ಇಸಿಯುಮಾಸ್ಟರ್ ಇಎಂಯು ಬ್ಲ್ಯಾಕ್. ಪೋಲೆಂಡಿಂದು. ವೈಡ್‌ಬ್ಯಾಂಡ್ ಕಂಟ್ರೋಲರ್, ಮ್ಯಾಪ್ ಸೆನ್ಸರ್ ಎರಡೂ ಒಳಗ ಅದಾವು. ರೊಕ್ಕ ಹೆಚ್ಚು, ಖರೆ. ಆದ್ರ ಹೊರಗ ಕೊಳ್ಳೂವು ಕಡಿಮಿ ಆಗ್ತಾವು.

ಲಿಂಕ್ ನ್ಯೂಜಿಲೆಂಡಿಂದು, ಹಾಲ್‌ಟೆಕ್ ಆಸ್ಟ್ರೇಲಿಯಾದ್ದು. ಎರಡೂ ಭಾಳ ಚೊಲೊ. ನಾಕ್ ಕಂಟ್ರೋಲ್, ಲಾಗಿಂಗ್, ಫೇಲ್‌ಸೇಫ್ ಅಚ್ಚುಕಟ್ಟ. ದರ ಕೇಳುವಾಗ ಬರೇ ಪೆಟ್ಟಿಗಿ ದರ ಕೇಳಬ್ಯಾಡ್ರಿ. ಕಸ್ಟಮ್ಸ್, ಜಿಎಸ್‌ಟಿ, ವೈರಿಂಗ್ ಲೂಮು, ವೈಡ್‌ಬ್ಯಾಂಡ್, ಸೆನ್ಸರು ಎಲ್ಲಾ ಕೂಡ್ಸಿ ಕೇಳ್ರಿ.

ಈ ಗಾಡಿಗೆ ನನ್ನ ಆಯ್ಕೆ ಮೈಕ್ರೊಸ್ಕ್ವರ್ಟ್. 300 ಸಿಸಿ ಆಸುಪಾಸಿನ ಇಂಜೆಕ್ಟರ್‌ಗೆ ಸೀಕ್ವೆನ್ಷಿಯಲ್ ಇಲ್ಲಂದ್ರ ಏನೂ ನಷ್ಟ ಇಲ್ಲ. ಧೂಳಿನ್ಯಾಗ, ಅಲುಗಾಟದಾಗ ಆ ಸೀಲ್ ಕನೆಕ್ಟರ್ ತಡೀತೈತಿ.

ಸಂಡೂರು_ಸ್ಪ್ಯಾನರ್

ವೈರಿಂಗ್ ಅಣ್ಣ ಹೇಳಿದ್ದು ಒಪ್ಪುತ್ತೀನಿ, ಆದ್ರೆ ಸ್ಪೀಡುಯಿನೊವನ್ನ ಅಷ್ಟು ಬೇಗ ಬದಿಗೆ ಸರಿಸಬೇಡಿ. ಎರಡಕ್ಕೂ ಟ್ಯೂನರ್‌ಸ್ಟುಡಿಯೊ ಅನ್ನೋ ಒಂದೇ ಸಾಫ್ಟ್‌ವೇರ್, ಅಂದ್ರೆ ಒಂದನ್ನ ಕಲಿತೋರಿಗೆ ಇನ್ನೊಂದು ಬರುತ್ತೆ. ಸ್ಪೀಡುಯಿನೊದಲ್ಲಿ ಸುಟ್ಟರೆ ಮೆಗಾ ಬೋರ್ಡ್ ಅಂಗಡೀಲಿ ಸಿಗುತ್ತೆ, ಅವತ್ತೇ ಬದಲಾಯಿಸಬಹುದು. ಮೈಕ್ರೊಸ್ಕ್ವರ್ಟ್ ಸುಟ್ಟರೆ ಹೊರದೇಶದಿಂದ ಬರೋವರೆಗೆ ಗಾಡಿ ಶೆಡ್ಡಿನಲ್ಲಿ.

ಗಂಗಾವತಿ_ವೈರಿಂಗ್

ಅದೂ ಖರೆ ಐತ್ರಿ. ಸ್ಪೀಡುಯಿನೊ ತಗೊಂಡ್ರ ಒಂದು ಶರತ್ತು: ಆರ್ಡುಯಿನೊ ಬೋರ್ಡಿನ ಪಿನ್ನು ಅಲುಗಾಟಕ್ಕ ಸಡಿಲ ಆಗದಂಗ ನಾಲ್ಕೂ ಮೂಲಿಗೆ ಸ್ಕ್ರೂ ಹಾಕಿ, ಡಬ್ಬಿಗೆ ರಬ್ಬರ್ ಬುಷ್ ಕೊಟ್ಟು ಕೂಡಿಸ್ರಿ. ಮತ್ತ ಬಾನೆಟ್ ಕೆಳಗ ಬ್ಯಾಡ. ಪಕ್ಕದ ಸೀಟಿನ ಮುಂದ, ಡ್ಯಾಶ್‌ಬೋರ್ಡಿನ ಕೆಳಗ ಇರಲಿ. ಆ ಚಿಪ್ಪಿಗೆ 85 ಡಿಗ್ರಿ ತನಕ ಮಾತ್ರ ಗ್ಯಾರಂಟಿ. ಟರ್ಬೊ ಮಗ್ಗಲ ಅದಕ್ಕಿಂತ ಜಾಸ್ತಿ ಆಗ್ತೈತಿ.

ರಾಯಚೂರು_ಟ್ಯೂನರ್

ಪೆಟ್ಟಿಗೆ ಯಾವುದಾದರೂ ಸರಿ, ಟ್ರಿಗರ್ ಮೇಲೆ ಎಲ್ಲಾ ನಿಂತಿದೆ. ಹಾಗಾಗಿ ಇದನ್ನ ಉದ್ದಕ್ಕೆ ಬರೀತೀನಿ.

ಕ್ರ್ಯಾಂಕ್ ಪುಲ್ಲಿಗೆ 36-1 ಹಲ್ಲಿನ ಚಕ್ರ ಹಾಕಿ. 36 ಹಲ್ಲಿನ ಜಾಗ, ಅದರಲ್ಲಿ ಒಂದು ಇಲ್ಲ. ಒಂದು ಹಲ್ಲಿಗೆ 10 ಡಿಗ್ರಿ. 60-2 ಕೂಡ ಆಗುತ್ತೆ, ಆದ್ರೆ ಸಣ್ಣ ಪುಲ್ಲಿಯಲ್ಲಿ ಹಲ್ಲು ಬಹಳ ಸಣ್ಣದಾಗಿ ವಿಆರ್ ಸಿಗ್ನಲ್ ದುರ್ಬಲ ಆಗುತ್ತೆ. 3ರಿಂದ 4 ಮಿಮೀ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಶೀಟ್, ವ್ಯಾಸ 150 ಮಿಮೀ ಆಸುಪಾಸು. ಬಳ್ಳಾರಿ, ತೋರಣಗಲ್ಲು ಕಡೆ ಲೇಸರ್ ಕಟಿಂಗ್ ಮಾಡೋ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಡ್ರಾಯಿಂಗ್ ಕೊಟ್ಟರೆ ಕತ್ತರಿಸಿ ಕೊಡ್ತಾರೆ. ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ 304 ಬೇಡ, ವಿಆರ್ ಸೆನ್ಸರ್‌ಗೆ ಅಯಸ್ಕಾಂತ ಹಿಡಿಯೋ ಉಕ್ಕೇ ಬೇಕು.

ಚಕ್ರವನ್ನ ಪುಲ್ಲಿಯ ಒಳಗಿನ ಹಬ್‌ಗೆ ಬಿಗೀರಿ. ಪುಲ್ಲಿ ಎರಡು ತುಂಡಾಗಿ ನಡುವೆ ರಬ್ಬರ್ ಇದ್ದರೆ ಹೊರಗಿನ ಉಂಗುರಕ್ಕೆ ಬೆಸುಗೆ ಹಾಕಲೇಬೇಡಿ. ರಬ್ಬರ್ ಹಳತಾದಾಗ ಹೊರ ಉಂಗುರ ಜಾರುತ್ತೆ, ಟೈಮಿಂಗ್ ಅದರ ಜೊತೆ ಜಾರುತ್ತೆ, ಲ್ಯಾಪ್‌ಟಾಪಿನಲ್ಲಿ ಮಾತ್ರ ಎಲ್ಲಾ ಸರಿ ಇದ್ದಂತೆ ಕಾಣುತ್ತೆ. ಲೇತ್‌ನಲ್ಲಿ ಸುತ್ತಿಸಿ ಡಯಲ್ ಗೇಜ್ ಇಟ್ಟು ನೋಡಿ, ಓಲಾಟ 0.2 ಮಿಮೀ ಮೀರಬಾರದು. ಸೆನ್ಸರ್ ಮತ್ತು ಹಲ್ಲಿನ ನಡುವಿನ ಸಂದು 0.8ರಿಂದ 1 ಮಿಮೀ, ಫೀಲರ್ ಗೇಜಿನಲ್ಲಿ ಅಳೆದು. ಸೆನ್ಸರ್ ಹಿಡಿಯೋ ಬ್ರ್ಯಾಕೆಟ್ ಇಂಜಿನ್ ಬ್ಲಾಕಿಗೇ ಇರಬೇಕು, 5 ಮಿಮೀ ಪಟ್ಟಿ. ತೆಳು ಪಟ್ಟಿ 5000 ಆರ್‌ಪಿಎಂ ಮೇಲೆ ನಡುಗುತ್ತೆ.

ಹಲ್ಲಿಲ್ಲದ ಜಾಗ ಸೆನ್ಸರ್ ದಾಟೋದು ಒಂದನೇ ಸಿಲಿಂಡರ್ ಟಿಡಿಸಿಗೆ (ಪಿಸ್ಟನ್ ತೀರಾ ಮೇಲೆ ಬರೋ ಜಾಗ) 60ರಿಂದ 90 ಡಿಗ್ರಿ ಮುಂಚೆ ಇರಲಿ. ಟಿಡಿಸಿ ಹತ್ತಿರ ಇಟ್ಟರೆ ಸೆಲ್ಫ್ ಹೊಡೆಯುವಾಗ ಕಂಪ್ರೆಷನ್‌ಗೆ ಕ್ರ್ಯಾಂಕ್ ನಿಧಾನ ಆಗುತ್ತಲ್ಲ, ಆ ನಿಧಾನವನ್ನೇ ಇಸಿಯು ಹಲ್ಲಿಲ್ಲದ ಜಾಗ ಅಂದುಕೊಳ್ಳುತ್ತೆ. ಸ್ಟಾರ್ಟ್ ಆಗುವಾಗ ಹಿಂದಕ್ಕೆ ಒದೆಯೋಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಇನ್ನು ಎರಡು ವೈರಿನ ವಿಆರ್ ಸೆನ್ಸರಿನ ಧ್ರುವ. ವೈರು ಅದಲುಬದಲಾದರೂ ಇಂಜಿನ್ ಸ್ಟಾರ್ಟ್ ಆಗುತ್ತೆ, ಐಡಲ್ ಕೂಡ ಆಗುತ್ತೆ. ಆದ್ರೆ ವೇಗ ಏರಿದಂತೆ ಟೈಮಿಂಗ್ ಸರಿಯುತ್ತೆ, ಆಮೇಲೆ ಸಿಂಕ್ (ಕ್ರ್ಯಾಂಕ್ ಜೊತೆ ಇಸಿಯುವಿನ ಹೊಂದಿಕೆ) ಕಳೆದು ಒಡೆದೊಡೆದು ಓಡುತ್ತೆ. ಪರೀಕ್ಷೆ ಸುಲಭ: ಟ್ಯೂನರ್‌ಸ್ಟುಡಿಯೊದ ಟೂತ್ ಲಾಗರ್ ಹಾಕಿ ಸೆಲ್ಫ್ ಹೊಡೀರಿ. 36-1 ಆದರೆ ಒಂದು ಗೆರೆ ಉಳಿದವುಗಳ ಎರಡರಷ್ಟು ಎತ್ತರ, ಅದರ ಅಕ್ಕಪಕ್ಕದವು ಸಮ. ಎತ್ತರದ ಗೆರೆ ಪಕ್ಕದ್ದು ಡೊಂಕಾಗಿದ್ದರೆ ಎರಡು ವೈರು ಅದಲುಬದಲು ಮಾಡಿ.

ಇದೆಲ್ಲ ತಲೆನೋವು ಬೇಡ ಅಂದ್ರೆ ಮೂರು ವೈರಿನ ಹಾಲ್ ಸೆನ್ಸರ್ ಹಾಕಿ. ಸ್ಪೀಡುಯಿನೊಗೆ ಅದೇ ನೆಟ್ಟಗೆ. ಓಪನ್ ಕಲೆಕ್ಟರ್ ಜಾತಿಯದ್ದಾದರೆ ಪುಲ್‌ಅಪ್ ರೆಸಿಸ್ಟರ್ ಮರೀಬೇಡಿ, ಅದಿಲ್ಲದೇ ಸಿಗ್ನಲ್ಲೇ ಬರಲ್ಲ.

ಬಳ್ಳಾರಿ_ಎಸ್ಟೀಮ್

ಹಾಗಾದ್ರೆ ಸ್ಪೀಡುಯಿನೊ, 36-1, ಹಾಲ್ ಸೆನ್ಸರ್ ಅಂತ ಇಟ್ಟುಕೊಳ್ತೀನಿ. ಇಂಜೆಕ್ಟರ್ ಅಳತೆ ಲೆಕ್ಕ ಹೇಗೆ? ಇ20 (20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲ್) ಬಂದಮೇಲೆ ಎಷ್ಟು ಬದಲಾಗುತ್ತೆ?

ಕೊಪ್ಪಳ_ಲ್ಯಾಂಬ್ಡಾ

ಲೆಕ್ಕ ಹೀಗೆ. ಟರ್ಬೊ ಇಂಜಿನ್‌ಗೆ ಒಂದು ಎಚ್‌ಪಿಗೆ ಗಂಟೆಗೆ 0.6 ಪೌಂಡ್ ಪೆಟ್ರೋಲ್ ಅಂತ ಹಿಡಿಯಿರಿ. 120ನ್ನ 0.6ರಿಂದ ಗುಣಿಸಿದರೆ 72. ನಾಲ್ಕು ಇಂಜೆಕ್ಟರ್, ಡ್ಯೂಟಿ (ತೆರೆದಿರೋ ಸಮಯದ ಪಾಲು) 80 ಶೇಕಡಾ ದಾಟಬಾರದು, ಅಂದ್ರೆ 3.2ರಿಂದ ಭಾಗಿಸಿ: 22.5 ಪೌಂಡ್. 10.5ರಿಂದ ಗುಣಿಸಿ: ನಿಮಿಷಕ್ಕೆ 236 ಸಿಸಿ. ಇದು ಎಥೆನಾಲ್ ಇಲ್ಲದ ಪೆಟ್ರೋಲ್ ಲೆಕ್ಕ.

ಶುದ್ಧ ಪೆಟ್ರೋಲ್‌ಗೆ ಗಾಳಿ-ಪೆಟ್ರೋಲ್ ಸಮತೋಲದ ಅನುಪಾತ (ಎಎಫ್‌ಆರ್) 14.7, ಇ10ಗೆ ಸುಮಾರು 14.1, ಇ20ಗೆ ಸುಮಾರು 13.5. ಹಾಗಾಗಿ ಅದೇ ಗಾಳಿಗೆ ಇ20 ಸುಮಾರು 9 ಶೇಕಡಾ ಜಾಸ್ತಿ ಬೇಕು. 236 ಈಗ 257 ಆಯ್ತು. ಬಿಸಿ ದಿನ, ಹಳೇ ಪಂಪ್, ಮುಂದೆ ಸ್ವಲ್ಪ ಬೂಸ್ಟ್ ಏರಿಸೋ ಆಸೆ ಎಲ್ಲಾ ಸೇರಿಸಿ 300ರಿಂದ 330 ಸಿಸಿ ತಗೊಳ್ಳಿ, ರೇಟಿಂಗ್ 3 ಬಾರ್‌ನಲ್ಲಿ ಕೊಟ್ಟಿದ್ದಾರಾ ನೋಡಿ. 550 ಸಿಸಿ ಅಗ್ಗಕ್ಕೆ ಸಿಕ್ತು ಅಂತ ತಂದರೆ ಐಡಲ್‌ನಲ್ಲಿ ತೆರೆಯೋ ಸಮಯ ಎಷ್ಟು ಚಿಕ್ಕದಾಗುತ್ತೆ ಅಂದ್ರೆ ಸ್ಥಿರವಾಗಿ ನಿಲ್ಲಿಸೋದು ಕಷ್ಟ ಆಗಬಹುದು.

ಓಮ್ ಅಳೆದು ನೋಡಿ. 12ರಿಂದ 16 ಓಮ್ ಇದ್ದರೆ ನೇರ ಜೋಡಿಸಿ. 2ರಿಂದ 4 ಓಮ್ ಇದ್ದರೆ ಸರಣಿಯಲ್ಲಿ ರೆಸಿಸ್ಟರ್ ಬೇಕು, ಇಲ್ಲದಿದ್ದರೆ ಡ್ರೈವರ್ ಸುಡುತ್ತೆ.

ಟ್ಯೂನ್ ಮಾಡುವಾಗ ಪರದೆಯಲ್ಲಿ ಎಎಫ್‌ಆರ್ ಬದಲು ಲ್ಯಾಂಬ್ಡಾ (ಎಎಫ್‌ಆರ್ ಅನ್ನ ಸಮತೋಲದ ಅನುಪಾತದಿಂದ ಭಾಗಿಸಿದ್ದು) ಇಟ್ಟುಕೊಳ್ಳಿ. ಪೆಟ್ರೋಲಿನಲ್ಲಿ ಎಥೆನಾಲ್ ಎಷ್ಟೇ ಇರಲಿ, ಲ್ಯಾಂಬ್ಡಾ 1 ಅಂದ್ರೆ 1. ಇನ್ನೊಂದು ಮಾತು: ಹಳೇ ಗಾಡಿಯ ರಬ್ಬರ್ ಪೈಪು ಇ20ಗೆ ಮಾಡಿದ್ದಲ್ಲ. ಇಂಜೆಕ್ಷನ್ ಒತ್ತಡಕ್ಕೆ ಎಸ್‌ಎಇ ಜೆ30 ಆರ್9 ಅಂತ ಅಚ್ಚು ಇರೋ ಪೈಪ್ ಹಾಕಿ, ಟರ್ಬೊ ಪಕ್ಕ ಹಾದರೆ ಶಾಖ ತಡೆಯೋ ತೋಳು ಕೊಡಿ. ಫ್ಯೂಯಲ್ ರೆಗ್ಯುಲೇಟರ್‌ಗೆ ಮ್ಯಾನಿಫೋಲ್ಡ್‌ನಿಂದ ಹೋಸ್ ಕೊಡಲೇಬೇಕು. 0.4 ಬಾರ್ ಬೂಸ್ಟ್ ಬಂದಾಗ ರೈಲಿನಲ್ಲೂ 0.4 ಏರದಿದ್ದರೆ ಇಂಜೆಕ್ಟರ್ ಹರಿವು ಬೇಕಾದ ಹೊತ್ತಿಗೇ ಇಳಿಯುತ್ತೆ.

ಗಂಗಾವತಿ_ವೈರಿಂಗ್

ವೈರಿಂಗ್ ಬಗ್ಗೆ ಬರೀತೀನಿ, ಸಮಾಧಾನದಿಂದ ಓದ್ರಿ. ಪೆಟ್ಟಿಗಿ ಖರ್ಚಿನಷ್ಟ ಖರ್ಚು ಇದಕ್ಕ ಇಡ್ರಿ.

ಮನಿ ವೈರಿಂಗಿನ ಪಿವಿಸಿ ವೈರು ತರಬ್ಯಾಡ್ರಿ, 70 ಡಿಗ್ರಿಗೆ ಅದರ ಆಟ ಮುಗೀತೈತಿ. ಕ್ರಾಸ್ ಲಿಂಕ್ ಮಾಡಿದ ಆಟೊ ವೈರು ತರ್ರಿ. ಸೆನ್ಸರ್‌ಗೆ 0.5 ಚದರ ಮಿಮೀ, ಇಂಜೆಕ್ಟರ್‌ಗೆ 0.75, ಕಾಯಿಲ್ ಪವರ್‌ಗೆ 1.5, ಪಂಪಿಗೆ 2.5. ಕನೆಕ್ಟರ್ ಪಿನ್ನಿಗೆ ಸೋಲ್ಡರ್ ಬ್ಯಾಡ, ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಒತ್ರಿ. ಸೋಲ್ಡರ್ ಮಾಡಿದ ಜಾಗದ ಅಂಚಿನ್ಯಾಗ ವೈರು ಬಿರುಸಾಗಿ ಅಲುಗಾಟಕ್ಕ ಮುರೀತೈತಿ.

ಗ್ರೌಂಡ್. ಇಸಿಯುದ ಪವರ್ ಗ್ರೌಂಡ್ ಎಲ್ಲಾ ಸಿಲಿಂಡರ್ ಹೆಡ್ಡಿಗೆ, ಒಂದೇ ಬೋಲ್ಟಿಗೆ, ಪೇಂಟ್ ಕೆರದು. ಬಾಡಿಗೆ ಅಲ್ಲ. ಟಿಪಿಎಸ್ (ಥ್ರಾಟಲ್ ಸೆನ್ಸರ್), ಮ್ಯಾಪ್, ನೀರಿನ ಸೆನ್ಸರ್, ಗಾಳಿ ಸೆನ್ಸರ್ ಇವುಗಳ ಗ್ರೌಂಡ್ ಇಸಿಯುದ ಸೆನ್ಸರ್ ಗ್ರೌಂಡ್ ಪಿನ್ನಿಗೇ ವಾಪಸ್ ಬರಬೇಕು. ಅದನ್ನ ಇಂಜಿನ್ ಮ್ಯಾಲೂ ಒತ್ತಿದ್ರ ಸೆಲ್ಫ್ ಮೋಟಾರಿನ ಕರೆಂಟು ಸೆನ್ಸರ್ ವೈರಿನ್ಯಾಗ ಹರೀತೈತಿ. ವೈಡ್‌ಬ್ಯಾಂಡ್ ಗ್ರೌಂಡ್ ಇಸಿಯು ಗ್ರೌಂಡ್ ಇರೂ ಬೋಲ್ಟಿಗೇ. ಬ್ಯಾರೆ ಕಡೆ ಕೊಟ್ರ ಫ್ಯಾನ್ ಹತ್ತಿದಾಗೆಲ್ಲಾ ಓದೂದು ತಪ್ಪತೈತಿ, ನೀವು ಇಲ್ಲದ ಲೀನ್ (ಪೆಟ್ರೋಲ್ ಕಡಿಮಿ) ತಿದ್ಕೊಂತ ಕೂಡ್ತೀರಿ.

ಕ್ರ್ಯಾಂಕ್ ಸೆನ್ಸರ್‌ಗೆ ಶೀಲ್ಡ್ ವೈರು. ಶೀಲ್ಡ್ ಇಸಿಯು ಕಡೆ ಮಾತ್ರ ಗ್ರೌಂಡ್, ಸೆನ್ಸರ್ ಕಡೆ ಬಿಟ್ಟು ಟೇಪ್ ಸುತ್ತ್ರಿ. ಪ್ಲಗ್ ವೈರು, ಆಲ್ಟರ್ನೇಟರ್ ವೈರಿನ ಜೊತಿ ಕಟ್ಟಬ್ಯಾಡ್ರಿ.

ಸ್ಪಾರ್ಕ್ ಪ್ಲಗ್ ರೆಸಿಸ್ಟರ್ ಇರೂದೇ ಬೇಕು. ಎನ್‌ಜಿಕೆ ಆದ್ರ ನಂಬರಿನ್ಯಾಗ ಆರ್ ಅಕ್ಷರ ನೋಡ್ರಿ. ಇಲ್ಲಂದ್ರ ಯುಎಸ್‌ಬಿ ಕಡೀತೈತಿ, ಇಸಿಯು ತಾನ ರಿಸೆಟ್ ಆಗ್ತೈತಿ, ನೀವು ಸಾಫ್ಟ್‌ವೇರ್ ಬೈಕೊಂತ ಕೂಡ್ತೀರಿ.

ಇಸಿಯುಗೆ ಕೊಡೂ ಇಗ್ನಿಷನ್ ಲೈನು ಆನ್‌ನ್ಯಾಗೂ ಇರಬೇಕು, ಸ್ಟಾರ್ಟ್‌ನ್ಯಾಗೂ ಇರಬೇಕು. ಕೆಲವು ಲೈನು ಸೆಲ್ಫ್ ಹೊಡಿಯುವಾಗ ಬಂದ್ ಆಗ್ತಾವು. ಮಲ್ಟಿಮೀಟರ್ ಹಚ್ಚಿ, ಕೀ ತಿರುವಿ ನೋಡ್ರಿ. ಸೆಲ್ಫ್ ಹೊಡಿಯುವಾಗ ಇಸಿಯು ಪಿನ್ನಿನ್ಯಾಗ 9 ವೋಲ್ಟಿಗಿಂತ ಕೆಳಗ ಇಳಿದ್ರ ಮೊದಲ ಬ್ಯಾಟರಿ, ಕೇಬಲ್ ನೋಡ್ರಿ.

ರಿಲೇ ಮೂರು: ಮೇನ್, ಪಂಪ್, ಫ್ಯಾನ್. ಪಂಪ್ ರಿಲೇ ಇಸಿಯು ಕೈಯಾಗ ಇರಲಿ. ಗಾಡಿ ಪಲ್ಟಿ ಆಗಿ ಇಂಜಿನ್ ನಿಂತ್ರ ಪಂಪೂ ನಿಲ್ಲಬೇಕು. ನೇರ ಕೀಗೆ ಕೊಟ್ಟ ಪಂಪು ಬೆಂಕಿಗೆ ದಾರಿ.

ಸಂಡೂರು_ಸ್ಪ್ಯಾನರ್

ಕಾಯಿಲ್ ಬಗ್ಗೆ ಒಂದು ಸೇರಿಸ್ತೀನಿ. ಸ್ಪಾರ್ಕ್ ಔಟ್‌ಪುಟ್‌ಗೆ "ಗೋಯಿಂಗ್ ಲೋ", "ಗೋಯಿಂಗ್ ಹೈ" ಅಂತ ಸೆಟಿಂಗ್ ಇರುತ್ತೆ. ಸ್ಪೀಡುಯಿನೊದಲ್ಲಿ ಹೆಚ್ಚುಕಡಿಮೆ ಎಲ್ಲಾ ಕಾಯಿಲ್‌ಗೂ ಗೋಯಿಂಗ್ ಲೋ. ಮೆಗಾಸ್ಕ್ವರ್ಟ್ ಕಡೆ ಅದೇ ಕೆಲಸಕ್ಕೆ ಗೋಯಿಂಗ್ ಹೈ ಅಂತ ಬರಬಹುದು. ಒಂದರ ಮ್ಯಾನುಯಲ್ ಓದಿ ಇನ್ನೊಂದಕ್ಕೆ ಹಾಕಬೇಡಿ. ತಪ್ಪಿದರೆ ಕೀ ಆನ್ ಆದ ಕ್ಷಣದಿಂದ ಕಾಯಿಲ್ ಒಳಗೆ ಕರೆಂಟ್ ಹರೀತಾನೇ ಇರುತ್ತೆ, ಸ್ವಲ್ಪ ಹೊತ್ತಿನಲ್ಲೇ ಕಾಯಿಲ್ ಅಥವಾ ಇಗ್ನೈಟರ್ ಸುಡುತ್ತೆ. ಸೆಟಿಂಗ್ ಖಾತ್ರಿ ಆಗೋವರೆಗೆ ಕಾಯಿಲ್ ಪ್ಲಗ್ ಕಿತ್ತಿಟ್ಟಿರಿ. ಡ್ವೆಲ್ (ಕಿಡಿಗೆ ಮುಂಚೆ ಕಾಯಿಲ್‌ಗೆ ಕರೆಂಟ್ ಕೊಡೋ ಸಮಯ) 3 ಮಿಲಿಸೆಕೆಂಡಿನಿಂದ ಶುರು ಮಾಡಿ, ಕಾಯಿಲ್ ಮಾಡಿದವರ ಅಂಕಿ ಸಿಕ್ಕರೆ ಅದನ್ನೇ ಹಾಕಿ. ಕಾಯಿಲಿನೊಳಗೆ ಇಗ್ನೈಟರ್ ಇಲ್ಲದಿದ್ದರೆ ಬಿಐಪಿ373 ಅನ್ನೋ ಇಗ್ನೈಟರ್ ಟ್ರಾನ್ಸಿಸ್ಟರ್ ಹಾಕಿ, ಅಲ್ಯೂಮಿನಿಯಂ ಹೀಟ್‌ಸಿಂಕ್ ಮೇಲೆ.

ಧೂಳಿನ ವಿಷಯ. ಸಂಡೂರು, ತೋರಣಗಲ್ಲು ರಸ್ತೆಯ ಅದಿರಿನ ಕೆಂಧೂಳು ನೋಡಿದವರಿಗೆ ಹೇಳಬೇಕಾಗಿಲ್ಲ. ಎಂಎಎಫ್ (ಗಾಳಿ ಹರಿವು ಅಳೆಯೋ) ಸೆನ್ಸರಿನ ಸೂಕ್ಷ್ಮ ತಂತಿ ಮೇಲೆ ಅದು ಕೂತರೆ ಗಾಳಿ ಲೆಕ್ಕ ತಪ್ಪುತ್ತೆ. ಮ್ಯಾಪ್ ಸೆನ್ಸರ್ ನಂಬಿ ನಡೆಯೋ ಸ್ಪೀಡ್ ಡೆನ್ಸಿಟಿ ನಮ್ಮ ಕಡೆಗೆ ಸರಿ. ಎಣ್ಣೆ ಹಚ್ಚೋ ತೆರೆದ ಫಿಲ್ಟರ್ ಬದಲು ಡಬ್ಬಿಯೊಳಗಿನ ಪೇಪರ್ ಫಿಲ್ಟರ್ ಇರಲಿ. ಟರ್ಬೊ ಬ್ಲೇಡಿಗೂ ಅದೇ ಒಳ್ಳೇದು.

ರಾಯಚೂರು_ಟ್ಯೂನರ್

ಬಿಸಿಲಿನದ್ದು ನಾನು ಹೇಳ್ತೀನಿ. ರಾಯಚೂರು, ಬಳ್ಳಾರಿಯಲ್ಲಿ ಮೇ ತಿಂಗಳಿಗೆ 40 ದಾಟೋದು ಮಾಮೂಲು. ಟರ್ಬೊ ಇರೋ ಬಾನೆಟ್ ಒಳಗೆ ನಿಂತ ಗಾಡಿಯಲ್ಲಿ 70 ಆಗುತ್ತೆ. ಗಾಳಿ ಉಷ್ಣತೆ ಸೆನ್ಸರ್ ಲೋಹದ ಮ್ಯಾನಿಫೋಲ್ಡಿಗೆ ಕೂರಿಸಿದರೆ ಅದು ಲೋಹದ ಬಿಸಿಯನ್ನೇ ಓದುತ್ತೆ. ಗಾಳಿ ತೆಳು ಅಂದುಕೊಂಡು ಇಸಿಯು ಪೆಟ್ರೋಲ್ ಕಡಿಮೆ ಮಾಡುತ್ತೆ, ಬಿಸಿ ಇಂಜಿನ್ ಮತ್ತೆ ಸ್ಟಾರ್ಟ್ ಮಾಡಿದ ಕೂಡಲೇ ಲೀನ್ ಆಗಿ ಕೆಮ್ಮುತ್ತೆ. ಸೆನ್ಸರ್ ಇಂಟರ್‌ಕೂಲರ್ ಆದಮೇಲೆ, ಥ್ರಾಟಲ್‌ಗೆ ಮುಂಚಿನ ಪೈಪಿನಲ್ಲಿ, ತುದಿ ತೆರೆದಿರೋ ಜಾತಿಯದ್ದು ಇರಲಿ.

ಆ ಉಷ್ಣತೆ ಮೇಲೆ ಟೈಮಿಂಗ್ ಹಿಂದೆ ತೆಗೆಯೋ ಟೇಬಲ್ ಇದೆ, ಖಾಲಿ ಬಿಡಬೇಡಿ. ಶುರುವಿಗೆ 45 ಡಿಗ್ರಿವರೆಗೆ 0, 55ಕ್ಕೆ 2, 65ಕ್ಕೆ 4, 75ಕ್ಕೆ 6 ಡಿಗ್ರಿ ಹಿಂದೆ. ಡಿಸೆಂಬರ್ ಬೆಳಗಿನ ತಂಪಿನಲ್ಲಿ ಟ್ಯೂನ್ ಮಾಡಿ ಮೇ ತಿಂಗಳಲ್ಲಿ ಓಡಿಸೋರಿಗೆ ಪಿಸ್ಟನ್ ಉಳಿಸೋದು ಈ ಟೇಬಲ್.

ಬಳ್ಳಾರಿ_ಎಸ್ಟೀಮ್

ಎಲ್ಲಾ ಜೋಡಿಸಿದ ಮೇಲೆ ಮೊದಲ ಸ್ಟಾರ್ಟ್‌ಗೆ ಯಾವ ಕ್ರಮ? ಯಾವುದನ್ನ ಬಿಟ್ಟರೆ ಏನು ಕೆಡುತ್ತೆ?

ಕೊಪ್ಪಳ_ಲ್ಯಾಂಬ್ಡಾ

ಕಾಯಿಲ್, ಇಂಜೆಕ್ಟರ್ ಎರಡರ ಕನೆಕ್ಟರ್ ಕಿತ್ತಿಟ್ಟು ಕೀ ಆನ್ ಮಾಡಿ. ಇಂಜಿನ್ ನಿಂತಿರುವಾಗ ಮ್ಯಾಪ್ ಬಳ್ಳಾರಿಯಲ್ಲಿ 95, 96 ಕೆಪಿಎ ತೋರಿಸಬೇಕು. ಊರು ಸಮುದ್ರ ಮಟ್ಟದಿಂದ ನಾನೂರೈವತ್ತು ಮೀಟರಿಗಿಂತ ಮೇಲಿದೆ. 101 ತೋರಿಸಿದರೆ ಸೆನ್ಸರಿನ ಕ್ಯಾಲಿಬ್ರೇಷನ್ ತಪ್ಪು, ಅಲ್ಲಿಂದ ಮುಂದೆ ಎಲ್ಲಾ ಲೆಕ್ಕ ತಪ್ಪು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ನೀರಿನ ಸೆನ್ಸರ್, ಗಾಳಿ ಸೆನ್ಸರ್ ಎರಡೂ ಒಂದೇ ಅಂಕಿ ತೋರಿಸಬೇಕು, 2 ಡಿಗ್ರಿ ಅಂತರ ಪರವಾಗಿಲ್ಲ. ಟಿಪಿಎಸ್ ಮುಚ್ಚಿದ್ದು, ಪೂರ್ತಿ ತೆರೆದಿದ್ದು ಎರಡೂ ಕಲಿಸಿ.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಸೆಲ್ಫ್ ಹೊಡೆದು ಟೂತ್ ಲಾಗ್ ನೋಡಿ. ಆರ್‌ಪಿಎಂ ಮುಳ್ಳು ಕುಣಿಯದೇ ನಿಲ್ಲಬೇಕು, ಸಿಂಕ್ ಕಳೆದ ಎಣಿಕೆ ಸೊನ್ನೆಯಲ್ಲೇ ಇರಬೇಕು.

ಪ್ಲಗ್ ಹಾಕಿ, ಕಾಯಿಲ್ ಜೋಡಿಸಿ, ಇಂಜೆಕ್ಟರ್ ಇನ್ನೂ ಬೇಡ. ಸಾಫ್ಟ್‌ವೇರಿನಲ್ಲಿ ಟೈಮಿಂಗ್ 10 ಡಿಗ್ರಿಗೆ ಲಾಕ್ ಮಾಡಿ, ಸೆಲ್ಫ್ ಹೊಡೀತಾ ಟೈಮಿಂಗ್ ಲೈಟ್ ಹಿಡಿದು, ಪುಲ್ಲಿ ಗುರುತು 10ಕ್ಕೆ ಬರೋವರೆಗೆ ಟ್ರಿಗರ್ ಆ್ಯಂಗಲ್ ತಿದ್ದಿ. ಇದನ್ನ ಬಿಟ್ಟರೆ ಪರದೆಯಲ್ಲಿ 20 ಇದ್ದಾಗ ಇಂಜಿನ್ನಿನಲ್ಲಿ 35 ಇರಬಹುದು, ಬೂಸ್ಟ್‌ನಲ್ಲಿ ಒಂದೇ ಸಲಕ್ಕೆ ರಿಂಗ್ ಲ್ಯಾಂಡ್ (ಪಿಸ್ಟನ್ ರಿಂಗ್‌ಗಳ ನಡುವಿನ ಅಂಚು) ಒಡೆಯಬಹುದು. ಕ್ಯಾಮ್ ಸೆನ್ಸರ್ ಇಲ್ಲದೇ ಓಡಿಸೋದು ವೇಸ್ಟೆಡ್ ಸ್ಪಾರ್ಕ್ ಆದ್ದರಿಂದ ಕೆಲವು ಟೈಮಿಂಗ್ ಲೈಟು ಎರಡರಷ್ಟು ತೋರಿಸ್ತವೆ. ಮುಂದಕ್ಕೆ ತಿರುಗಿಸೋ ಬಟನ್ ಇಲ್ಲದ ಸಾದಾ ಲೈಟೇ ಒಳ್ಳೇದು. ಇಂಜಿನ್ ಓಡೋಕೆ ಶುರುವಾದ ಮೇಲೆ ಅದೇ ಲಾಕ್‌ನಲ್ಲಿ 3000 ಆರ್‌ಪಿಎಂಗೆ ಎತ್ತಿ ಮತ್ತೆ ನೋಡಿ, ಗುರುತು ಸರಿದಾಡಬಾರದು.

ಇಂಜೆಕ್ಟರ್ ಜೋಡಿಸೋ ಮುಂಚೆ ಪಂಪ್ ಓಡಿಸಿ ಸೋರಿಕೆ ನೋಡಿ, ಒತ್ತಡ 3 ಬಾರ್. ವೈಡ್‌ಬ್ಯಾಂಡ್ ಸೆನ್ಸರ್ ಟರ್ಬೊ ಆದಮೇಲೆ ಅರ್ಧ ಮೀಟರ್ ದೂರ, ಅಡ್ಡಗೆರೆಯಿಂದ ಕನಿಷ್ಠ 10 ಡಿಗ್ರಿ ಮೇಲಕ್ಕೆ ವಾಲಿಸಿ, ನೀರು ನಿಲ್ಲಬಾರದು. ಬಾಷ್ ಎಲ್‌ಎಸ್‌ಯು 4.9 ಪವರ್ ಇಲ್ಲದೇ ಹೊಗೆಯಲ್ಲಿ ಕೂತರೆ ಮಸಿ ಹಿಡಿದು ಸಾಯುತ್ತೆ. ಇಂಜಿನ್ ಓಡೋವಾಗೆಲ್ಲಾ ಅದಕ್ಕೆ ಪವರ್ ಇರಲಿ.

ಐಡಲ್‌ನಲ್ಲಿ ಹೆಡ್‌ಲೈಟ್, ಫ್ಯಾನ್ ಹಾಕಿ ನೋಡಿ. ವೋಲ್ಟೇಜ್ ಇಳಿದ ಕೂಡಲೇ ಲ್ಯಾಂಬ್ಡಾ ಬದಲಾದರೆ ಇಂಜೆಕ್ಟರ್ ಡೆಡ್ ಟೈಮ್ (ತೆರೆಯೋಕೆ ಆಗೋ ತಡ) ಟೇಬಲ್ ತಪ್ಪು. ಅದನ್ನ ಮೊದಲು ಸರಿ ಮಾಡಿ, ವಿಇ ಟೇಬಲ್ (ಸಿಲಿಂಡರಿಗೆ ಎಷ್ಟು ಗಾಳಿ ತುಂಬುತ್ತೆ ಅನ್ನೋದು) ಆಮೇಲೆ.

ರಾಯಚೂರು_ಟ್ಯೂನರ್

ಡೈನೊಗೆ ಹೋಗೋ ಮುಂಚೆ ಬೇಸ್ ಮ್ಯಾಪಿನ ಅಂಕಿ: ಹಗುರ ಓಟದಲ್ಲಿ ಲ್ಯಾಂಬ್ಡಾ 1, ಬೂಸ್ಟ್ ಇಲ್ಲದ ಪೂರ್ತಿ ಥ್ರಾಟಲ್‌ನಲ್ಲಿ 0.87, ಬೂಸ್ಟ್‌ನಲ್ಲಿ 0.78ರಿಂದ 0.80. ಟೈಮಿಂಗ್ 100 ಕೆಪಿಎ ಸಾಲಿನಲ್ಲಿ 4000 ಆರ್‌ಪಿಎಂಗೆ 24 ಇಟ್ಟು, ಮೇಲಿನ ಪ್ರತಿ 7 ಕೆಪಿಎಗೆ 1 ಡಿಗ್ರಿ ಕಳೀರಿ. ಬಳ್ಳಾರಿಯಲ್ಲಿ 0.4 ಬಾರ್ ಅಂದ್ರೆ 136 ಕೆಪಿಎ, ಹಾಗಾಗಿ 18, 19 ಬರುತ್ತೆ. ಇದು ಹುಷಾರಿನ ಶುರು ಅಷ್ಟೇ. ಏರಿಸೋದು ಡೈನೊ ಮೇಲೆ, ನಾಕ್ ಕೇಳೋ ಹೆಡ್‌ಫೋನ್ ಹಾಕಿಕೊಂಡು. ಟಾರ್ಕ್ ಏರೋದು ನಿಂತ ಕೂಡಲೇ 2 ಡಿಗ್ರಿ ಹಿಂದೆ ಬನ್ನಿ. 150 ಕೆಪಿಎಗೆ ಬೂಸ್ಟ್ ಕಟ್ ಹಾಕಿ, ವೇಸ್ಟ್‌ಗೇಟ್ (ಬೂಸ್ಟ್ ಮಿತಿಯಲ್ಲಿಡೋ ವಾಲ್ವ್) ಹೋಸ್ ಕಳಚಿದ ದಿನ ಅದೇ ಕಾಯುತ್ತೆ.

ಆಟೋಟ್ಯೂನ್ (ಸಾಫ್ಟ್‌ವೇರ್ ತಾನೇ ಟೇಬಲ್ ತಿದ್ದೋದು) ಬೂಸ್ಟ್ ಸಾಲುಗಳಲ್ಲಿ ಬೇಡ. ನೀರು 75 ಡಿಗ್ರಿ ದಾಟಿದ ಮೇಲೆ, ಹಗುರ ಓಟದ ಜಾಗಗಳಿಗೆ ಮಾತ್ರ. ಬಳ್ಳಾರಿ ಹೊಸಪೇಟೆ ಹೆದ್ದಾರಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಪೂರ್ತಿ ಥ್ರಾಟಲ್ ಟ್ಯೂನಿಂಗ್ ಮಾಡೋ ಮಾತೇ ಬೇಡ, ಅದಿರಿನ ಲಾರಿಗಳ ನಡುವೆ ಅದು ಪ್ರಾಣದ ಪ್ರಶ್ನೆ.

ಸಿಂಧನೂರು_ಸ್ವಿಫ್ಟ್

ರಸ್ತೆ ಮೇಲೆ ಓಡಿಸೋರಿಗೆ ಕಾನೂನು ಏನು ಹೇಳುತ್ತೆ?

ಕೊಪ್ಪಳ_ಲ್ಯಾಂಬ್ಡಾ

ಮೋಟಾರು ವಾಹನ ಕಾಯ್ದೆ ಸೆಕ್ಷನ್ 52. ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗುವಂತೆ ಮಾಲೀಕರು ಗಾಡಿ ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಅಪಘಾತ ಆದರೆ ವಿಮೆ ಕ್ಲೇಮೂ ಕುತ್ತಿಗೆಗೆ ಬರುತ್ತೆ. ಟ್ರೇಲರ್ ಮೇಲೆ ಮೈದಾನಕ್ಕೆ ಅಂತ ಮೇಲೆ ಬರೆದಿದ್ದು ಸರಿಯಾದ ದಾರಿ.

ಬಳ್ಳಾರಿ_ಎಸ್ಟೀಮ್

ಆರಿಸಿದ್ದು: ಸ್ಪೀಡುಯಿನೊ, ಹಾಲ್ ಸೆನ್ಸರ್, 3 ಮಿಮೀ ಎಂಎಸ್‌ನ 36-1 ಚಕ್ರ, ಇಗ್ನೈಟರ್ ಒಳಗಿರೋ ಕಾಯಿಲ್ ಪ್ಯಾಕ್, 320 ಸಿಸಿ ಹೈ ಇಂಪೀಡೆನ್ಸ್ ಇಂಜೆಕ್ಟರ್, ಎಲ್‌ಎಸ್‌ಯು 4.9 ಜೊತೆ ವೈಡ್‌ಬ್ಯಾಂಡ್ ಕಂಟ್ರೋಲರ್. ಕೊನೆಯದೊಂದು: ಕಂಪನಿ ವೈರಿಂಗ್ ಲೂಮ್ ಕತ್ತರಿಸಿ ಅದಕ್ಕೇ ಜೋಡಿಸಲಾ, ಪೂರ್ತಿ ಹೊಸದು ಮಾಡಲಾ?

ಗಂಗಾವತಿ_ವೈರಿಂಗ್

ಕತ್ತರಿ ಹಾಕಬ್ಯಾಡ್ರಿ ತಮ್ಮಾ. ಇಂಜಿನ್ನಿಗೆ ಸಂಬಂಧಪಟ್ಟದ್ದು ಪೂರ್ತಿ ಹೊಸ ಲೂಮ್ ಮಾಡ್ರಿ. ಕಂಪನಿ ಲೂಮು, ಹಳೀ ಇಸಿಯು ಎರಡೂ ಹಂಗ ಬಿಚ್ಚಿ, ಚೀಟಿ ಅಂಟಿಸಿ ತೆಗೆದಿಡ್ರಿ. ಆರ್‌ಪಿಎಂ ಮೀಟರ್ ವೈರು, ಚಾರ್ಜಿಂಗ್ ಲೈಟು, ಆಯಿಲ್ ಲೈಟು ಮಾತ್ರ ಹಳೇ ಲೂಮಿನ ಕನೆಕ್ಟರ್‌ನಿಂದ ಸಣ್ಣ ಜೋಡು ವೈರ್ ಮಾಡಿ ಹೊಸದಕ್ಕ ತರ್ರಿ. ಪ್ರತಿ ವೈರಿಗೂ ಎರಡೂ ತುದಿಗೆ ನಂಬರ್ ತೋಳು ಹಾಕ್ರಿ, ಹಾಕಿದ ನಂಬರು, ಬಣ್ಣ, ಪಿನ್ನು ಮೂರೂ ಹಾಳೆ ಮ್ಯಾಲೆ ಬರದು ಗಾಡಿಯಾಗೇ ಇಡ್ರಿ. ಇಂಜಿನ್ನಿಂದ ಒಳಗ ಬರೂ ತೂತಿಗೆ ರಬ್ಬರ್ ಗ್ರೊಮೆಟ್ ಮರೀಬ್ಯಾಡ್ರಿ. ಇಂಜಿನ್ ಅಲುಗಾಟಕ್ಕ ಲೂಮು ಎಳಿಯದಂಗ ಅಲ್ಲಿ ಒಂದು ಕೈಯಷ್ಟು ಸಡಿಲ ಬಿಡ್ರಿ.